ಬರವಣಿಗೆಯ ದುಡಿಮೆ: ಸೇನಬೋವನಿಂದ ಗಣಕಯಂತ್ರದವರೆಗೆ

1

ಕನ್ನಡ ವಿಮರ್ಶೆಯಲ್ಲಿ ‘ದುಡಿಮೆ’ ಎಂಬ ಮಾತು ಬಂದಾಗ ಕಣ್ಣೆದುರಿಗೆ ನಿಲ್ಲುವುದು ಸಾಮಾನ್ಯವಾಗಿ ನೇಗಿಲು, ಮಗ್ಗ, ಗಿರಣಿ, ಗಣಿ ಇವುಗಳೇ. ಲೆಕ್ಕ ಬರೆಯುವವನ, ಕಡತ ಕಟ್ಟುವವನ, ತಂತಿ ಕಳುಹಿಸುವವನ ಕೈಯನ್ನು ಈ ಸಾಲಿನಲ್ಲಿ ಸೇರಿಸಿ ಎಣಿಸಿದವರು ವಿರಳ. 1940ರ ದಶಕದಲ್ಲಿ ತಲೆಯೆತ್ತಿದ ಪ್ರಗತಿಶೀಲ ಪಂಥವು ಸಾಹಿತ್ಯದ ದೃಷ್ಟಿಯನ್ನು ಶ್ರಮಿಕನ ಕಡೆಗೆ ತಿರುಗಿಸಿತು. ಅದರ ಮುಂದಾಳಾದ ಅ. ನ. ಕೃಷ್ಣರಾಯರ ಹೆಸರಿನ ಮೊದಲಕ್ಷರವೇ ಅರಕಲಗೂಡನ್ನು ಸೂಚಿಸುವುದಷ್ಟೆ. ನಿರಂಜನರ ‘ಚಿರಸ್ಮರಣೆ’ಯು (1955) ಕಯ್ಯೂರಿನ ರೈತರ ಹೋರಾಟವನ್ನು ಕಾದಂಬರಿಯ ವಸ್ತುವಾಗಿ ಎತ್ತಿಕೊಂಡಿತು. ಇಷ್ಟಾದರೂ ಸರ್ಕಾರದ ಲೆಕ್ಕ ಬರೆಯುವವನು ವಿಮರ್ಶಕರ ಕಣ್ಣಿಗೆ ಬಹುಮಟ್ಟಿಗೆ ಅಧಿಕಾರದ ನೆರಳಾಗಿಯೇ ಕಂಡನು, ದುಡಿಯುವವನಾಗಿ ಕಾಣಲಿಲ್ಲ.

ಈ ಲೋಪದ ಫಲವು ಇತ್ತೀಚೆಗೆ ಸ್ಪಷ್ಟವಾಗುತ್ತಿದೆ. ಬರವಣಿಗೆಯ ಕೆಲಸವನ್ನು ಗಣಕಯಂತ್ರವು ವಹಿಸಿಕೊಂಡಾಗ ಆ ಪರಿವರ್ತನೆಯನ್ನು ಕುರಿತು ಎರಡೇ ಬಗೆಯ ಮಾತುಗಳು ಕೇಳಿಬಂದುವು. ಒಂದು, ಯಂತ್ರದಿಂದ ಲಂಚವೂ ವಿಳಂಬವೂ ತೊಲಗಿದುವೆಂಬ ಸ್ತುತಿ. ಮತ್ತೊಂದು, ಯಂತ್ರವು ಮನುಷ್ಯನ ಅನ್ನವನ್ನು ಕಿತ್ತುಕೊಂಡಿತೆಂಬ ವಿಲಾಪ. ಎರಡರಲ್ಲಿಯೂ ಯಂತ್ರವೇ ಕರ್ತೃ. ಯಂತ್ರವನ್ನು ಯಾರು, ಯಾರ ಹಿತಕ್ಕಾಗಿ, ಯಾವ ಒಪ್ಪಂದದ ಮೇಲೆ ತಂದರು, ಮಿಕ್ಕ ದುಡಿಮೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳು ಎರಡರಲ್ಲಿಯೂ ಏಳುವುದಿಲ್ಲ. ಈ ಪ್ರಶ್ನೆಗಳನ್ನು ಕೇಳುವ ಬಗೆಯನ್ನು ಕನ್ನಡದ ಕೃತಿಯೊಂದೇ ಕಲಿಸಿಕೊಡಬಲ್ಲುದು. ಆ ಕೃತಿಯ ಬೆಳಕಿನಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಆಗಿರುವ ಬದಲಾವಣೆಯನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

2

ಮೊದಲು ಪದವೊಂದರ ವಿಚಾರ. ‘ಶಾನುಭೋಗ’ ಎಂಬುದರ ಹಳೆಯ ರೂಪ ಶಾಸನಗಳಲ್ಲಿ ಬರುವ ‘ಸೇನಬೋವ’. ಬಿ. ಎಲ್. ರೈಸರು 1902ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳನ್ನು ಓದಿದವರಿಗೆ ಈ ಪದವು ಅಪರಿಚಿತವಲ್ಲ. ದಾನವನ್ನು ಕೊಟ್ಟವನ ಬಿರುದಾವಳಿ, ಭೂಮಿಯ ಎಲ್ಲೆ, ಶಾಪಾಶಯ ಇವೆಲ್ಲ ಮುಗಿದ ಮೇಲೆ ಕೆಲವು ಶಾಸನಗಳ ಕೊನೆಯಲ್ಲಿ ಬರೆದ ಸೇನಬೋವನ ಹೆಸರು, ಕಂಡರಿಸಿದ ಕುಶಲಿಯ ಹೆಸರು ಬರುತ್ತವೆ. ರಾಜನಿಗೂ ಬ್ರಾಹ್ಮಣನಿಗೂ ಸಂದ ಭೂಮಿಯ ಮೇಲೆ ಇವರಿಗೆ ಸ್ವಾಮ್ಯವಿಲ್ಲ. ಆದರೆ ಬರವಣಿಗೆಯೂ ಒಂದು ಕೆಲಸ, ಅದನ್ನು ಮಾಡಿದವನಿಗೆ ಒಂದು ಹೆಸರುಂಟು ಎಂಬುದನ್ನು ಕಲ್ಲು ಒಪ್ಪಿಕೊಂಡಿದೆ.

ಈ ಕಾರಣದಿಂದ ಸೇನಬೋವನ ಕಾಲವನ್ನು ಕೊಂಡಾಡುವುದು ಸಲ್ಲದು. ಅಕ್ಷರವು ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಲೆಕ್ಕದ ಪುಸ್ತಕವು ವಂಶಪಾರಂಪರ್ಯವಾಗಿ ಒಂದೇ ಮನೆಯಲ್ಲಿ ಉಳಿಯಿತು. ತನ್ನ ಹೊಲದ ಹೆಸರಿನಲ್ಲಿ ಏನು ಬರೆದಿದೆಯೆಂದು ತಿಳಿಯಲು ಒಕ್ಕಲಿಗನು ಶಾನುಭೋಗನ ಜಗಲಿಯ ಕೆಳಗೆ ನಿಲ್ಲಬೇಕಾಗಿತ್ತು. 1961ರ ಗ್ರಾಮಾಧಿಕಾರ ರದ್ದತಿಯ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಪಟೇಲ ಶಾನುಭೋಗರ ವಂಶದ ಹಕ್ಕನ್ನು ಕೊನೆಗಾಣಿಸಿತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಯಂತ್ರ ಬರುವ ಮೊದಲೇ ಬರವಣಿಗೆಯ ಸ್ವಾಮ್ಯವು ಹೀಗೆ ಒಮ್ಮೆ ಕೈಬದಲಾಯಿಸಿತ್ತು. ಆ ಬದಲಾವಣೆಯನ್ನು ಮಾಡಿದ್ದು ಶಾಸನಸಭೆಯೇ ಹೊರತು ಉಪಕರಣವಲ್ಲ.

3

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವು (1970) ಈ ಹಳೆಯ ವ್ಯವಸ್ಥೆಯ ಒಳಮನೆಯನ್ನು ತೋರಿಸುವ ಕೃತಿ. ಕಥಾನಾಯಕಿ ನಂಜಮ್ಮನನ್ನು ಸಹನೆಯ ಮೂರ್ತಿಯೆಂದೋ ದುರಂತ ಪಾತ್ರವೆಂದೋ ವರ್ಣಿಸುವುದು ವಾಡಿಕೆ. ಆಕೆಯು ದಿನದ ಬಹುಭಾಗದಲ್ಲಿ ಮಾಡುವುದೇನು ಎಂಬುದನ್ನು ಕೇಳಿದರೆ ಬೇರೊಂದು ಅರ್ಥ ತೆರೆದುಕೊಳ್ಳುತ್ತದೆ. ರಾಮಸಂದ್ರದ ಶಾನುಭೋಗಿಕೆ ಗಂಡ ಚೆನ್ನಿಗರಾಯನದು. ಲೆಕ್ಕ ಬರೆಯುವವಳು ನಂಜಮ್ಮ. ಪದವಿ ಅವನದು, ವರ್ಷಾಸನವೂ ಅವನದು. ಪುಸ್ತಕಕ್ಕೆ ಗೆರೆ ಎಳೆದು ಅಂಕಿ ತುಂಬುವ ಬೆರಳು ಮಾತ್ರ ಆಕೆಯದು. ಸರ್ಕಾರದ ದೃಷ್ಟಿಯಲ್ಲಿ ಆ ಬೆರಳು ಇಲ್ಲವೇ ಇಲ್ಲ.

ಇದೇ ಕೈ ಮುತ್ತುಗದ ಎಲೆಯನ್ನು ಹಚ್ಚಿ ಮಾರಾಟಕ್ಕೂ ಕೊಡುತ್ತದೆ. ಎಲೆ ಹಚ್ಚುವುದನ್ನು ಕೂಲಿಯೆಂದೂ ಲೆಕ್ಕ ಬರೆಯುವುದನ್ನು ವಿದ್ಯೆಯೆಂದೂ ವಿಂಗಡಿಸುವ ಲೋಕರೂಢಿಯನ್ನು ಕಾದಂಬರಿಯು ಯಾವ ವ್ಯಾಖ್ಯಾನವೂ ಇಲ್ಲದೆ ಬದಿಗೆ ಸರಿಸಿದೆ. ಎರಡೂ ಮಕ್ಕಳ ಹೊಟ್ಟೆಗಾಗಿ ಮಾಡುವ ಕೆಲಸಗಳೇ. ಎಲೆಯ ಹಣ ಆಕೆಯ ಕೈಗೆ ಬರಬಹುದು. ಲೆಕ್ಕದ ಹಣ ಬರುವ ಭರವಸೆಯಿಲ್ಲ. ವಿದ್ಯೆಯೆನಿಸಿದ ಕೆಲಸದಲ್ಲಿಯೇ ದುಡಿದವಳ ಹಕ್ಕು ಹೆಚ್ಚು ದುರ್ಬಲವಾಗಿರುವುದು ಗಮನಿಸತಕ್ಕ ವಿಷಯ. ಹ್ಯಾರಿ ಬ್ರೇವರ್‌ಮನ್ನನು 1974ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಬಂಡವಾಳದ ಆಡಳಿತದಲ್ಲಿ ಕೆಲಸದ ಯೋಜನೆ ಒಬ್ಬರಲ್ಲಿಯೂ ಕೆಲಸದ ನಿರ್ವಹಣೆ ಮತ್ತೊಬ್ಬರಲ್ಲಿಯೂ ಬೇರೆಯಾಗುವುದನ್ನು ವಿಸ್ತರಿಸಿ ತೋರಿಸಿದನು. ಕಚೇರಿಯ ಗುಮಾಸ್ತೆಯೂ ಈ ವಿಭಜನೆಗೆ ಹೊರತಲ್ಲವೆಂದು ವಾದಿಸಿದನು. ರಾಮಸಂದ್ರವು ಬಂಡವಾಳದ ಕಾರ್ಖಾನೆಯಲ್ಲ. ಅಲ್ಲಿಯ ವಿಭಜನೆ ಕುಲ, ಲಿಂಗ, ಹುದ್ದೆಗಳದು. ಆದರೆ ಬರೆಯುವವರೊಬ್ಬರು, ಬರೆಹದ ಫಲವನ್ನು ಉಣ್ಣುವವರೊಬ್ಬರು ಎಂಬ ಮೂಲಸ್ಥಿತಿ ಎರಡು ಕಡೆಯೂ ಒಂದೇ. ‘ಗೃಹಭಂಗ’ದಿಂದ ವಿಮರ್ಶೆಯು ಪಡೆಯಬೇಕಾದ ಅಳತೆಗೋಲು ಇದು.

4

ಈ ಅಳತೆಗೋಲನ್ನು ಹಿಡಿದು ‘ಭೂಮಿ’ ಎಂಬ ಯೋಜನೆಯ ಕಡೆಗೆ ನೋಡಬಹುದು. ಕರ್ನಾಟಕದ ಕಂದಾಯ ಇಲಾಖೆಯು 1990ರ ದಶಕದ ಕೊನೆಯಲ್ಲಿ ಆರಂಭಿಸಿ 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಿಗೆಲ್ಲ ವಿಸ್ತರಿಸಿದ ಈ ಯೋಜನೆಯಲ್ಲಿ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿ ದಾಖಲೆಗಳು ಗಣಕಯಂತ್ರವನ್ನು ಸೇರಿದುವು. ಅದುವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದುವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವನಿಗೆ ಅಚ್ಚಾದ ಪಹಣಿ ದೊರೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವೂ ಯಂತ್ರದೊಳಗೆ ಸೇರಿತು.

ಹೇಮಾವತಿಯ ಸೀಮೆಯಲ್ಲಿ ಪಹಣಿಯು ಕೇವಲ ಕಾಗದವಲ್ಲ. ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನಿಂದ ಕೆಲವರ ಭೂಮಿ ಮುಳುಗಿತು, ಮತ್ತೆ ಕೆಲವರ ಭೂಮಿಗೆ ನಾಲೆಯ ನೀರು ಬಂದಿತು. ಪರಿಹಾರಕ್ಕೂ ಸಾಲಕ್ಕೂ ಸಾಕ್ಷಿ ಆ ಒಂದು ಹಾಳೆ. ಹಾಸನದ ಆಲೂಗೆಡ್ಡೆಯ ಬೆಳೆಗಾರನಿಗೂ, ಅರಕಲಗೂಡಿನ ಹೊಗೆಸೊಪ್ಪಿನವನಿಗೂ, ಚನ್ನರಾಯಪಟ್ಟಣದ ತೆಂಗಿನ ತೋಟದವನಿಗೂ, ಹೊಳೆನರಸೀಪುರದ ನಾಲೆಯ ಕೆಳಗಣ ಗದ್ದೆಯವನಿಗೂ ಬೇಂಕಿನ ಬಾಗಿಲು ತೆರೆಯುವುದು ಅದರಿಂದಲೇ. ಅಂತಹ ಹಾಳೆಯು ಒಬ್ಬನ ಕೃಪೆಯಿಂದ ಬಿಡುಗಡೆ ಹೊಂದಿದ್ದು ನಿಜವಾದ ಲಾಭ. ಇದನ್ನು ಅಲ್ಲಗಳೆಯುವ ವಿಲಾಪಕ್ಕೆ ಬೆಲೆಯಿಲ್ಲ.

ಆದರೆ ಸ್ತುತಿಯೂ ಅರ್ಧದಲ್ಲಿಯೇ ನಿಲ್ಲುತ್ತದೆ. ದಾಖಲೆಯು ಬಯಲಿಗೆ ಬಂದರೂ ಅದನ್ನು ಓದಿ ಲಾಭ ಪಡೆಯುವ ಶಕ್ತಿ ಎಲ್ಲರಿಗೂ ಸಮನಾಗಿ ಬಂದಿಲ್ಲ. ಸಾಲೊಮನ್ ಬೆಂಜಮಿನ್ನರೂ ಅವರ ಸಂಗಡಿಗರೂ 2007ರ ತಮ್ಮ ಅಧ್ಯಯನದಲ್ಲಿ, ಬೆಂಗಳೂರಿನ ಸುತ್ತ ದಾಖಲೆಗಳು ಒಂದೆಡೆ ಸೇರಿದ್ದರಿಂದ ದೊಡ್ಡ ಬಂಡವಾಳಕ್ಕೆ ಭೂಮಿಯನ್ನು ಕೂಡಿಸಿಕೊಳ್ಳುವುದು ಸುಲಭವಾಯಿತೆಂದು ವಾದಿಸಿದರು. ಹಳ್ಳಿಯ ಜಗಲಿಯಲ್ಲಿದ್ದ ಪುಸ್ತಕವು ಸಣ್ಣ ಲಂಚಕ್ಕೆ ಆಸ್ಪದವಾಗಿತ್ತು. ನಗರದ ಮಾರುಕಟ್ಟೆಗೆ ತೆರೆದ ಪುಸ್ತಕವು ದೊಡ್ಡ ಲಾಭಕ್ಕೆ ಆಸ್ಪದವಾಗಬಹುದು. ಬೆಂಗಳೂರಿನ ಅನುಭವವನ್ನು ಹಾಗೆಯೇ ಹಾಸನಕ್ಕೆ ಹಚ್ಚುವುದು ಅವಸರದ ತೀರ್ಮಾನವಾದೀತು. ಪ್ರಶ್ನೆಯನ್ನು ಮಾತ್ರ ಮರೆಯಲಾಗದು.

5

ಇನ್ನು ದುಡಿಮೆಯ ವಿಚಾರ. ಯಂತ್ರ ಬಂದುದರಿಂದ ಗ್ರಾಮ ಲೆಕ್ಕಿಗನ ಕೆಲಸ ತಗ್ಗಿತೇ? ಬರೆಯುವ ಕೆಲಸ ತಗ್ಗಿತು. ನೋಡುವ, ನಡೆಯುವ, ವರದಿ ಒಪ್ಪಿಸುವ ಕೆಲಸ ಬೆಳೆಯಿತು. ಹೊಲದಲ್ಲಿ ಯಾವ ಬೆಳೆ ನಿಂತಿದೆ ಎಂಬುದನ್ನು ಯಂತ್ರವು ತಾನಾಗಿ ಕಾಣಲಾರದು. ಆ ಕಣ್ಣಿನ ಕೆಲಸವನ್ನು ಮುಂದೆ ಮೊಬೈಲಿನ ಮೂಲಕ ನಡೆಸಲು ಏರ್ಪಾಡಾಯಿತು. ಹಳ್ಳಿಯ ಖಾಸಗಿ ನಿವಾಸಿಗಳನ್ನು ನೇಮಿಸಿ ಒಂದೊಂದು ತಾಕಿಗೆ ಇಷ್ಟೆಂದು ಹಣ ಕೊಡುವ ಪದ್ಧತಿ ಬಂದಿತು. 2020ರಲ್ಲಿ ರೈತನೇ ತನ್ನ ಬೆಳೆಯ ಚಿತ್ರ ತೆಗೆದು ಸೇರಿಸುವ ಏರ್ಪಾಡೂ ಆಯಿತು. ಸಂಬಳದ ನೌಕರನ ಒಂದು ಕೆಲಸವು ಹೀಗೆ ತುಂಡು ಕೂಲಿಯಾಗಿ, ಅನಂತರ ಕೂಲಿಯಿಲ್ಲದ ಕರ್ತವ್ಯವಾಗಿ ಇಳಿದುಬಂದಿರುವುದು ಇಲ್ಲಿ ಕಾಣುತ್ತದೆ. ರೈತನಿಗೆ ತನ್ನ ಬೆಳೆಯನ್ನು ತಾನೇ ಹೇಳಿಕೊಳ್ಳುವ ಹಕ್ಕು ದೊರೆಯಿತೆಂಬುದೂ ಸತ್ಯವೇ. ಹಕ್ಕೂ ಬಿಟ್ಟಿಯೂ ಒಂದೇ ಗುಂಡಿಯಲ್ಲಿ ಅಡಗಿರುವುದರಿಂದಲೇ ಈ ವಿಷಯಕ್ಕೆ ಸೂಕ್ಷ್ಮವಾದ ವಿಮರ್ಶೆ ಬೇಕಾಗಿದೆ.

ಗ್ರಾಮ ಲೆಕ್ಕಿಗರ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. ಹೆಸರು ದೊಡ್ಡದಾದ ಮೇಲೆ ಅವರು 2024ರ ಸೆಪ್ಟೆಂಬರಿನಲ್ಲಿಯೂ ಮತ್ತೆ 2025ರ ಫೆಬ್ರವರಿಯಲ್ಲಿಯೂ ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಒಂದರ ಮೇಲೊಂದಾಗಿ ಬಂದ ಮೊಬೈಲು ಆ್ಯಪ್‌ಗಳ ಕೆಲಸದ ಒತ್ತಡ, ಆ ಕೆಲಸಕ್ಕೆ ಬೇಕಾದ ಉಪಕರಣವನ್ನೂ ಕಚೇರಿಯ ಮೂಲಸೌಕರ್ಯವನ್ನೂ ಒದಗಿಸದಿರುವುದು ಇವು ಅವರ ದೂರುಗಳಲ್ಲಿ ಮುಖ್ಯವಾಗಿದ್ದುವು. ಅವರು ಯಂತ್ರವನ್ನು ಒಡೆಯಲು ಹೊರಟವರಲ್ಲ. ಯಂತ್ರವನ್ನು ಕೊಡಿರಿ, ಕೂರಲು ಜಾಗ ಕೊಡಿರಿ, ಕೆಲಸಕ್ಕೆ ಮಿತಿ ಹಾಕಿರಿ ಎಂದು ಕೇಳಿದವರು. ಯಂತ್ರವು ಅನ್ನ ಕಿತ್ತುಕೊಂಡಿತೆಂಬ ವಿಲಾಪವೂ, ಯಂತ್ರವು ಹೊರೆ ಇಳಿಸಿತೆಂಬ ಸ್ತುತಿಯೂ ಈ ಮುಷ್ಕರವನ್ನು ವಿವರಿಸಲಾರವು.

6

ಸರ್ಕಾರಿ ಉದ್ಯಮದ ಉದಾಹರಣೆಯೊಂದನ್ನು ಇದರ ಜೊತೆಗಿರಿಸಿದರೆ ಮಾತು ಪೂರ್ಣವಾಗುತ್ತದೆ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಭಾರತೀಯ ದೂರವಾಣಿ ಕಾರ್ಖಾನೆಯು ದೇಶದ ಟೆಲಿಫೋನಿನ ಅಂಗಾಂಗಗಳನ್ನು ತಯಾರಿಸಿತು. 1982ರಲ್ಲಿ ಹಾಸನದಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರವು ತೆರೆಯಿತು. ದೂರದರ್ಶನವನ್ನೂ ದೂರವಾಣಿಯನ್ನೂ ಹೊತ್ತ ಇನ್‌ಸಾಟ್ ಉಪಗ್ರಹಗಳ ಪಾಲನೆ ಅಲ್ಲಿಂದ ನಡೆಯಿತು. ಹೊಸ ತಂತ್ರವಿದ್ಯೆಯನ್ನು ಸರ್ಕಾರಿ ಉದ್ಯಮವು ಅರಿಯದು, ಅದಕ್ಕೆ ಹೆದರುವುದು ಎಂಬ ಮಾತಿಗೆ ಈ ಜಿಲ್ಲೆಯೇ ಉತ್ತರವಾಗಿದೆ.

ಹೀಗಿದ್ದರೂ 2000ದ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆಯಿಂದ ರೂಪುಗೊಂಡ ಬಿ.ಎಸ್.ಎನ್.ಎಲ್. ಸಂಸ್ಥೆಯಲ್ಲಿ 2019ರ ಸ್ವಯಂನಿವೃತ್ತಿ ಯೋಜನೆಯಂತೆ ಸುಮಾರು 78,000 ನೌಕರರು 2020ರ ಜನವರಿ 31ರಂದು ಒಂದೇ ದಿನ ಹೊರಬಂದರು. ಅದು ಅಲ್ಲಿದ್ದವರ ಅರ್ಧದಷ್ಟು. ಇದನ್ನು ಯಂತ್ರದ ಪ್ರಭಾವವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಖಾಸಗಿ ಕಂಪನಿಗಳು ನಾಲ್ಕನೆಯ ಪೀಳಿಗೆಯ ಜಾಲವನ್ನು ಹಳ್ಳಿಹಳ್ಳಿಗೆ ಒಯ್ಯುತ್ತಿದ್ದ ವರ್ಷಗಳಲ್ಲಿ ಸರ್ಕಾರದ ಸಂಸ್ಥೆಗೆ ಅದಕ್ಕೆ ಬೇಕಾದ ತರಂಗಾಂತರವೇ ದೊರೆತಿರಲಿಲ್ಲ. ಅದನ್ನು ಕೊಡುವ ನಿರ್ಧಾರವೂ ನೌಕರರನ್ನು ಕಳುಹಿಸುವ ನಿರ್ಧಾರವೂ 2019ರ ಅಕ್ಟೋಬರಿನ ಒಂದೇ ಪುನಶ್ಚೇತನ ಯೋಜನೆಯಲ್ಲಿದ್ದುವು. ದೇಶವ್ಯಾಪಿಯಾದ ಆ ಜಾಲದ ಉದ್ಘಾಟನೆಯಾದುದು 2025ರಲ್ಲಿ. ಹೊಸ ಯಂತ್ರ ಬಂದುದರಿಂದಲ್ಲ, ಅದು ಸಕಾಲದಲ್ಲಿ ಬಾರದಿದ್ದುದರಿಂದಲೂ ನೌಕರನ ನೆಲೆ ಕುಸಿಯಬಹುದೆಂಬುದು ಇಲ್ಲಿಯ ಪಾಠ. ಎರಡು ಸಂದರ್ಭಗಳಲ್ಲಿಯೂ ನಿರ್ಣಯಿಸಿದ್ದು ಧೋರಣೆ. ಅದನ್ನು ಅನುಭವಿಸಿದ್ದು ನೌಕರವರ್ಗ.

7

ಇಲ್ಲಿ ಒಂದು ಆಕ್ಷೇಪ ಬರಬಹುದು. ಪಹಣಿ, ಮುಷ್ಕರ, ತರಂಗಾಂತರ ಇವು ಅರ್ಥಶಾಸ್ತ್ರದ ಸಂಗತಿಗಳು. ಸಾಹಿತ್ಯ ವಿಮರ್ಶೆಗೆ ಇವುಗಳಿಂದೇನು? ಸಮಾಧಾನ ಸರಳವಾಗಿದೆ. ಯಾವ ಕೆಲಸವನ್ನು ದುಡಿಮೆಯೆಂದು ಕರೆಯಬೇಕು, ಯಾರನ್ನು ದುಡಿಯುವವರೆಂದು ಎಣಿಸಬೇಕು ಎಂಬುದನ್ನು ಭಾಷೆಯೇ ಮೊದಲು ನಿಶ್ಚಯಿಸುತ್ತದೆ. ಆ ಭಾಷೆಯನ್ನು ತಿದ್ದುವುದು ಸಾಹಿತ್ಯದ ಅಧ್ಯಾಪಕರ ಕೈಯಲ್ಲಿದೆ. ‘ಗೃಹಭಂಗ’ವನ್ನು ಪಾಠ ಹೇಳುವಾಗ ನಂಜಮ್ಮನ ಸಹನೆಯನ್ನು ಹೊಗಳಿ, ಆಕೆಯ ಲೆಕ್ಕದ ಪುಸ್ತಕವನ್ನು ಬಿಟ್ಟರೆ, ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯು ನಾಳೆ ತುಂಡು ಕೂಲಿಗೆ ಬೆಳೆಯ ಚಿತ್ರ ತೆಗೆಯುವಾಗ ತಾನೂ ದುಡಿಯುತ್ತಿದ್ದೇನೆಂಬುದನ್ನು ಯಾವ ಮಾತಿನಿಂದ ಹೇಳಿಕೊಳ್ಳಬೇಕು?

ಅಚ್ಚಾದ ಪಹಣಿಯಲ್ಲಿ ಭೂಮಿಯ ಒಡೆಯನ ಹೆಸರಿದೆ, ಬೆಳೆಯ ಹೆಸರಿದೆ, ಸಾಲದ ಮೊತ್ತವಿದೆ. ಆ ಅಕ್ಷರಗಳನ್ನು ಯಂತ್ರಕ್ಕೆ ಊಡಿದವರ ಹೆಸರು ಅದರಲ್ಲಿಲ್ಲ. ಸೇನಬೋವನ ಹೆಸರನ್ನು ಶಾಸನದಲ್ಲಿ ಹುಡುಕಿ ಓದಿದ ವಿದ್ವತ್ತು ಈ ಹೆಸರಿಲ್ಲದವರ ಕಡೆಗೂ ತಿರುಗಬೇಕಾಗಿದೆ. ದಾಖಲೆಯು ಸರ್ವರಿಗೂ ತೆರೆದಿರಬೇಕು. ಅದನ್ನು ತೆರೆದಿಡುವ ದುಡಿಮೆಗೆ ನ್ಯಾಯವಾದ ಸಂಬಳವೂ ಮಿತಿಯೂ ಇರಬೇಕು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವ ಬರವಣಿಗೆಯು ಕನ್ನಡದಲ್ಲಿ ಇನ್ನೂ ಬೆಳೆಯಬೇಕಾಗಿದೆ.