ಬಚ್ಚಲ ನೀರಿನ ಹಿತ್ತಲು

ಕೆಂಗೇರಿಯಾಚೆಯ ಹಳ್ಳಿಗಳಲ್ಲಿ, ಕೂಲಿಯನ್ನೇ ನೆಚ್ಚಿದ ಮನೆಗಳ ಹಿಂದೆ, ಬಚ್ಚಲ ನೀರನ್ನುಂಡು ಮೈದುಂಬಿದ ಬಸಳೆಯ ಚಪ್ಪರವನ್ನೂ ಬೇಲಿಗೊರಗಿದ ನುಗ್ಗೆಯನ್ನೂ ಕಂಡಾಗಲೆಲ್ಲ, ಅವನ್ನು ಸಾಕಿದ ಗೃಹಿಣಿಯ ವಿವೇಕಕ್ಕೆ ನನ್ನ ಮನಸ್ಸು ತಲೆಬಾಗುತ್ತದೆ. ಕೊಂಬೆಯ ತುಂಡೊಂದನ್ನು ನೆಟ್ಟರೆ ಸಾಕು, ನುಗ್ಗೆ ಚಿಗುರುವುದು; ಕಾಯಿಲ್ಲದ ತಿಂಗಳುಗಳಲ್ಲಿಯೂ ಅದರ ಸೊಪ್ಪು ಬಸ್ಸಾರಾಗಿ ಮುದ್ದೆಯ ಜೊತೆಗೆ ಮಕ್ಕಳ ತಟ್ಟೆಗೆ ಬರುವುದು. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ಸುಗುಣ’ ದಂಟಿನ ತಳಿಯಂತೂ, ಬಿತ್ತಿದ ಸುಮಾರು 25 ದಿನಗಳಿಗೆ ಕೊಯ್ಲಿಗೆ ಬಂದು, ಕೊಯ್ದಂತೆಲ್ಲ ಮರಳಿ ಚಿಗುರುತ್ತದೆ. ರಾಜಾಜಿನಗರದ ತಾರಸಿಯ ಕುಂಡಗಳಲ್ಲಿ ನಳನಳಿಸುವ ಮೆಂತ್ಯವೂ ಚೆಲುವಾದುದೇ. ಆದರೆ ಕೂಲಿ ದೊರೆಯದ ದಿನ ಸಾರಿನ ಪಾತ್ರೆಯನ್ನು ತುಂಬಿಸುವ ಹಿರಿಮೆ ಈ ಹಿತ್ತಲಿನದು. ಮುಂದಿನ ಮಳೆಗೆಂದು ಅವರೆಯ ಬೀಜಕ್ಕೆ ಬೂದಿ ಬೆರೆಸಿ ಮಡಕೆಯಲ್ಲಿ ತೆಗೆದಿಡುವ ಜಾಣ್ಮೆಯೂ ಆ ಗೃಹಿಣಿಯ ಕೈಗಳದೇ.