ಪಿಕಪ್ ಗಾಡಿಯ ಸಪ್ಪಳ: ರಸಿಕರಿಗೊಂದು ಕೈಪಿಡಿ

ಎಕ್ಸಲೇಟರ್ ಒತ್ತಿದೊಡನೆ ಪಿಕಪ್ ಗಾಡಿಯಿಂದ ಏಳುವ ‘ಕುಂಯ್’ ಎಂಬ ಸಪ್ಪಳಕ್ಕೆ ಹಲವು ಮೂಲಗಳಿವೆ. ಹೊಸದಾಗಿ ಕೇಳುವವರಿಗೆ ಎಲ್ಲವೂ ಒಂದೇ ಅನ್ನಿಸುತ್ತದೆ. ಅವುಗಳನ್ನು ಬೇರ್ಪಡಿಸಲು ಮೊದಲ ಪಾಠವೆಂದರೆ, ಸಪ್ಪಳ ಯಾವುದರ ಬೆನ್ನು ಹತ್ತಿದೆ ಎಂದು ಗುರುತಿಸುವುದು. ಅದು ಇಂಜಿನ್ನಿನ ವೇಗದ ಜೊತೆ ಏರಿಳಿಯಬಹುದು, ಗಾಲಿಯ ವೇಗದ ಜೊತೆ ಏರಿಳಿಯಬಹುದು, ಇಲ್ಲವೇ ಎಳೆತ ಹೆಚ್ಚಿದಾಗ ಮಾತ್ರ ಎದ್ದು ಕಾಣಬಹುದು.

ಹಲ್ಲಿನ ಚಕ್ರಗಳ ಸಪ್ಪಳಕ್ಕೆ ನಿಜವಾಗಿಯೂ ಶ್ರುತಿ ಇದೆ. ಹಿಂದಿನ ಆ್ಯಕ್ಸಲ್‌ನ ಪಿನಿಯನ್‌ಗೆ 9 ಹಲ್ಲುಗಳಿದ್ದು ಪ್ರೊಪೆಲ್ಲರ್ ಶಾಫ್ಟ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿಗೆ 300 ಬಾರಿ ಹಲ್ಲಿಗೆ ಹಲ್ಲು ಕೂಡುತ್ತದೆ. ಹಾರ್ಮೋನಿಯಂನಲ್ಲಿ ಅದು ಮಧ್ಯ ಸಪ್ತಕದ ಬಿಳಿ ಎರಡಕ್ಕೆ ತೀರ ಹತ್ತಿರದ ಸ್ವರ. ಗಾಡಿಯ ವೇಗ ಇಮ್ಮಡಿಯಾದರೆ ಸ್ವರ ಸರಿಯಾಗಿ ಒಂದು ಸಪ್ತಕ ಮೇಲೇರುತ್ತದೆ. ಭಜನೆಯಲ್ಲಿ ಶ್ರುತಿ ಹಿಡಿದು ಕೂತು ಅಭ್ಯಾಸವಿರುವ ಕಿವಿಗೆ ಈ ಏರಿಕೆಯನ್ನು ಹಿಡಿಯುವುದು ಕಷ್ಟವೇನಲ್ಲ.

ಪರೀಕ್ಷೆ ನಿಂತ ಗಾಡಿಯಿಂದಲೇ ಶುರುವಾಗಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಕ್ಸಲೇಟರ್ ಒತ್ತಿದಾಗಲೂ ಸಪ್ಪಳ ಬಂದರೆ ಗಾಲಿ, ಆ್ಯಕ್ಸಲ್ ಎರಡೂ ಅನುಮಾನದಿಂದ ಪಾರು. ಆಗ ಸ್ಟೇರಿಂಗ್ ತಿರುಗಿಸಿ ನೋಡಬೇಕು. ತಿರುಗಿಸಿದಷ್ಟೂ ನರಳಾಟ ಹೆಚ್ಚಿದರೆ ಪವರ್ ಸ್ಟೇರಿಂಗ್ ಪಂಪಿನ ಎಣ್ಣೆ ಇಳಿದಿದೆ, ಅಥವಾ ಅದರಲ್ಲಿ ಗಾಳಿ ಸೇರಿ ನೊರೆ ಎದ್ದಿದೆ. ಸೋರಿಕೆ ಹುಡುಕದೆ ಬರೀ ಎಣ್ಣೆ ಸುರಿದರೆ ವಾರದೊಳಗೆ ಅದೇ ಗೋಳು. ಸ್ಟೇರಿಂಗ್‌ಗೆ ಸಂಬಂಧವಿಲ್ಲದಿದ್ದರೆ ಆಲ್ಟರ್ನೇಟರ್, ಬೆಲ್ಟಿನ ಟೆನ್ಶನರ್‌ಗಳ ಬೇರಿಂಗ್ ನೋಡಬೇಕು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಅವುಗಳ ಕವಚಕ್ಕೆ ಒತ್ತಿ ಹಿಡಿಗೆ ಕಿವಿಯಿಟ್ಟರೆ ಸಪ್ಪಳ ಎಲ್ಲಿಂದ ಬರುತ್ತಿದೆ ಎಂದು ಹಳೆಯ ಮಿಸ್ತ್ರಿಗಳು ಕ್ಷಣದಲ್ಲಿ ಹೇಳುತ್ತಾರೆ. ಅಂಗಿಯ ತೋಳು, ಟವೆಲ್ಲು ಬೆಲ್ಟಿನಿಂದ ದೂರವಿರಬೇಕು.

ಕ್ಲಚ್ ಪೆಡಲ್ಲಿನದೂ ಒಂದು ಸಾಕ್ಷಿಯಿದೆ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಕೇಳುವ ಸಪ್ಪಳ ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಸವೆದಿದೆ. ಒತ್ತಿದಾಗಲೇ ಶುರುವಾದರೆ ಅದು ಕ್ಲಚ್ ರಿಲೀಸ್ ಬೇರಿಂಗ್.

ಕೇಳಲು ಎಲ್ಲಕ್ಕಿಂತ ಚೆಂದದ ಸಪ್ಪಳ ಟರ್ಬೊದ್ದು. ಡೀಸೆಲ್ ಪಿಕಪ್ಪುಗಳಲ್ಲಿ ಹೇರು ಎಳೆಯುವಾಗ ಏಳುವ ಸಣ್ಣ ಶಿಳ್ಳೆ ಆರೋಗ್ಯದ ಲಕ್ಷಣ, ಅದನ್ನು ರಿಪೇರಿ ಮಾಡಲು ಹೋಗಬಾರದು. ಆ ಶಿಳ್ಳೆ ಸೈರನ್‌ನಂತೆ ಒರಟಾಗಿ, ಜೊತೆಗೆ ಕಪ್ಪು ಹೊಗೆಯೂ ಎಳೆತದ ಕೊರತೆಯೂ ಬಂದರೆ ಇಂಟರ್‌ಕೂಲರ್ ಪೈಪು ಬಿರಿದಿರಬಹುದು ಅಥವಾ ಕ್ಲಿಪ್ಪು ಸಡಿಲಾಗಿರಬಹುದು. ಮೊದಲು ಈ ಅಗ್ಗದ ಪೈಪುಗಳನ್ನು ನೋಡಬೇಕು. ಟರ್ಬೊದ ಶಾಫ್ಟ್ ಅಲುಗಾಡಿ ರೆಕ್ಕೆ ಗೂಡಿಗೆ ತಾಗಿದ ಗುರುತು ಕಂಡರೆ ಮಾತ್ರ ಬಿಚ್ಚುವ ಮಾತು.

ನಿಂತಾಗ ಸುಮ್ಮನಿದ್ದು ಓಡುವಾಗ ಮಾತ್ರ ಬರುವ ಸಪ್ಪಳಕ್ಕೆ ರಸ್ತೆಯ ಪರೀಕ್ಷೆ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲೊಮ್ಮೆ, ನಾಲ್ಕನೇ ಗೇರಿನಲ್ಲೊಮ್ಮೆ ಓಡಿಸಬೇಕು. ಗೇರ್ ಬದಲಾದಾಗ ಸ್ವರವೂ ಬದಲಾದರೆ ದೋಷ ಇಂಜಿನ್ ಅಥವಾ ಗೇರ್‌ಬಾಕ್ಸ್ ಕಡೆಗಿದೆ. ಸ್ವರ ಹಾಗೇ ಉಳಿದರೆ ಹಿಂದಿನ ಆ್ಯಕ್ಸಲ್‌ನ ಡಿಫರೆನ್ಶಿಯಲ್ ಅಥವಾ ಗಾಲಿ. ಎಕ್ಸಲೇಟರ್ ಬಿಟ್ಟಾಗ ಸಪ್ಪಳ ಅಡಗಿ ಒತ್ತಿದಾಗ ಮತ್ತೆ ಎದ್ದರೆ ಡಿಫರೆನ್ಶಿಯಲ್‌ನ ಕ್ರೌನ್-ಪಿನಿಯನ್ ಹಲ್ಲುಗಳ ಎಳೆಯುವ ಮುಖ ಸವೆದಿದೆ ಎನ್ನಬಹುದು. ಗಾಲಿಯ ಬೇರಿಂಗ್‌ಗೆ ಎಳೆತದ ಹಂಗಿಲ್ಲ. ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಅದರ ಗುಂಯ್‌ಗಾಟ ಹೆಚ್ಚಾಗುತ್ತದೆ. ಡಾಂಬರಿನಿಂದ ಮಣ್ಣಿನ ದಾರಿಗೆ ಇಳಿದೊಡನೆ ಬದಲಾಗುವುದು ಟೈರಿನ ಸಪ್ಪಳ.

ಡಿಫರೆನ್ಶಿಯಲ್ ಬಗ್ಗೆ ಹೆಚ್ಚು ಹೇಳಲೇಬೇಕು, ಬಾಗಲಕೋಟೆ ಜಿಲ್ಲೆಯ ಚಿಮ್ಮಡದ ಸುತ್ತಿನ ಗಾಡಿಗಳಿಗೆ ಅಲ್ಲಿಯೇ ಹೆಚ್ಚು ಪೆಟ್ಟು. ಮಹಾಲಿಂಗಪುರದ ಪೇಟೆಗೆ ಬೆಲ್ಲ, ಬನಹಟ್ಟಿಯಿಂದ ಸೀರೆಯ ಗಂಟು, ಹೊಲದ ಎರೆಮಣ್ಣಿನಲ್ಲಿ ಅಳತೆ ಮೀರಿದ ಹೇರು, ಎಲ್ಲದರ ಎಳೆತವೂ ಕೊನೆಗೆ ಬೀಳುವುದು ಕೆಲವೇ ಹಲ್ಲುಗಳ ಮೇಲೆ. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಿಗೆ ಬಂದ ಹೈಪಾಯ್ಡ್ ಹಲ್ಲು ಸಪ್ಪಳ ಕಡಿಮೆ ಮಾಡಿತು, ಆದರೆ ಆ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುವುದರಿಂದ ಒತ್ತಡ ತಡೆಯುವ ವಿಶೇಷ ಎಣ್ಣೆ ಬೇಕಾಯಿತು. ಅಂಥ ಎಣ್ಣೆಯ ದರ್ಜೆಗೆ ಇಂದು ಜಿಎಲ್-5 ಎನ್ನುತ್ತಾರೆ. ಗೇರ್‌ಬಾಕ್ಸ್‌ಗೆ ಮಾತ್ರ ಗಾಡಿಯ ಪುಸ್ತಕ ಹೇಳಿದ ದರ್ಜೆಯೇ ಇರಲಿ. ಏಕೆಂದರೆ ಕೆಲವು ಜಿಎಲ್-5 ಎಣ್ಣೆಗಳು ಅದರೊಳಗಿನ ಹಿತ್ತಾಳೆಯ ರಿಂಗುಗಳನ್ನು ತಿನ್ನುತ್ತವೆ.

ಆದ್ದರಿಂದ ಮೊದಲ ಕೆಲಸ ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ ಡಿಫರೆನ್ಶಿಯಲ್‌ನ ಫಿಲ್ಲರ್ ಬೋಲ್ಟ್ ಬಿಚ್ಚಿ ಎಣ್ಣೆ ನೋಡುವುದು. ಎಣ್ಣೆ ತೂತಿನ ಅಂಚಿನವರೆಗೆ ಇರಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ಬ್ರೀದರ್ ಮೂಲಕ ನೀರು ಹೊಕ್ಕಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಜಮಖಂಡಿ, ಮುಧೋಳ ಸೀಮೆಯಲ್ಲಿ ಬಂದಂಥ ನೆರೆನೀರಲ್ಲಿ ಆ್ಯಕ್ಸಲ್ ಮುಳುಗಿದ ಯಾವ ಗಾಡಿಗೂ ಸಪ್ಪಳಕ್ಕಾಗಿ ಕಾಯದೆ ಎಣ್ಣೆ ಬದಲಿಸಬೇಕು. ಬಸಿದ ಎಣ್ಣೆಯಲ್ಲಿ ಬೂದಿಯಂಥ ಸಣ್ಣ ಪುಡಿ ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಲೇಬೇಕು.

ಬಿಚ್ಚಿದ ಮೇಲೆ ಕ್ರೌನಿನ ಕೆಲವು ಹಲ್ಲುಗಳಿಗೆ ಬಣ್ಣ ಹಚ್ಚಿ, ತುಸು ತಡೆಯೊಡ್ಡಿ ತಿರುಗಿಸಿ, ಪಿನಿಯನ್ ಎಲ್ಲಿ ಉಜ್ಜಿದೆ ಎಂದು ನೋಡುತ್ತಾರೆ. ಗುರುತು ಹಲ್ಲಿನ ನಡುಮಧ್ಯೆ ಇದ್ದರೆ ಜೋಡಣೆ ಸರಿ. ಮೇಲಂಚಿಗೋ ಬುಡಕ್ಕೋ ಸರಿದಿದ್ದರೆ ಶಿಮ್ ಬದಲಿಸಿ ಪಿನಿಯನ್ನಿನ ಆಳ ಸರಿಪಡಿಸಬೇಕು. ಬೇರಿಂಗ್ ಮಾತ್ರ ಸವೆದಿದ್ದರೆ ಬೇರಿಂಗ್ ಹಾಕಿದರೆ ಮುಗಿಯಿತು. ಹಲ್ಲೇ ತೇದಿದ್ದರೆ ಶಿಮ್ಮಿನಿಂದ ಸಪ್ಪಳ ಪೂರ್ತಿ ಹೋಗುವುದು ಅಪರೂಪ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿದ ಜೋಡಿ. ಒಂದನ್ನಷ್ಟೇ ಹೊಸದು ಹಾಕುವುದು ಹಣ ಉಳಿಸುವ ದಾರಿಯಂತೆ ಕಂಡರೂ ಸಪ್ಪಳವನ್ನು ಮರಳಿ ಕರೆತರುತ್ತದೆ.

ಹೊಸ ಜೋಡಿ ಕೂತ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಹೇರು ಕಡಿಮೆ ಇರಬೇಕು, ನಡುನಡುವೆ ಗಾಡಿ ನಿಲ್ಲಿಸಿ ಆ್ಯಕ್ಸಲ್ ತಣಿಯಲು ಬಿಡಬೇಕು. ಅನಂತರ ಆ ಎಣ್ಣೆ ಬಸಿದು ಹೊಸದು ತುಂಬಿ, ಅದೇ ರಸ್ತೆಯಲ್ಲಿ ಅದೇ 40ರ ವೇಗದಲ್ಲಿ ಎರಡೂ ಗೇರಿನಲ್ಲಿ ಮತ್ತೊಮ್ಮೆ ಓಡಿಸಿ ಕೇಳಬೇಕು.