ಕಡಲಿನ ಪೋಷಕಾಂಶ: ಹೊಣೆ ಹೊಳೆಯದೊಂದೇ?

‘ನದಿಗಳು ನೆಲದಿಂದ ಪೋಷಕಾಂಶಗಳನ್ನು ಹೊತ್ತು ತರುತ್ತವೆ, ಆದ್ದರಿಂದ ಕರಾವಳಿಯಲ್ಲಿ ಮೀನು ಹೇರಳ’ ಎಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಜೋಯಿಡಾ, ದಾಂಡೇಲಿ, ಹಳಿಯಾಳದ ವಿದ್ಯಾರ್ಥಿಗಳಿಗೆ ಇದು ಕೂಡಲೇ ಒಪ್ಪಿಗೆಯಾಗುತ್ತದೆ. ಜೋಯಿಡಾದ ಡಿಗ್ಗಿ ಬಳಿ ಹುಟ್ಟುವ ಕಾಳಿ, ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಇತ್ತೀಚೆಗೆ ಈ ವಾಕ್ಯಕ್ಕೆ ಇನ್ನೊಂದು ಸೇರಿದೆ: ‘ಹೊಲದ ಗೊಬ್ಬರ ಕಡಲಿನ ಆಕ್ಸಿಜನ್ ಕಸಿಯುತ್ತಿದೆ.’ ಇದಕ್ಕೆ ಆಧಾರವಾಗಬಲ್ಲ ಮುಖ್ಯ ಪ್ರಬಂಧವನ್ನು ಪರಿಶೀಲಿಸೋಣ.

ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು ಅದನ್ನು 2000ದ ನವೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಳೆಗಾಲದ ಕೊನೆಗೆ ಭಾರತದ ಪಶ್ಚಿಮ ಕರಾವಳಿಯ ಆಳವಿಲ್ಲದ ಸಮುದ್ರದಲ್ಲಿ ತಳದ ನೀರು ಆಕ್ಸಿಜನ್ ಕಳೆದುಕೊಳ್ಳುತ್ತದೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ನೈಟ್ರಸ್ ಆಕ್ಸೈಡ್ ಅಪಾರವಾಗಿ ಸಂಗ್ರಹವಾಗಿದ್ದುದನ್ನು ಅವರು ಅಳೆದು ತೋರಿಸಿದರು. ನೈಟ್ರಸ್ ಆಕ್ಸೈಡ್ ಪ್ರಬಲ ಹಸಿರುಮನೆ ಅನಿಲ. ಈ ಅಳತೆಗಳ ಬೆಲೆ ದೊಡ್ಡದು.

ತೊಡಕಿರುವುದು ಕಾರಣ ಹೇಳುವಲ್ಲಿ. ಈ ವಲಯ ನೈಸರ್ಗಿಕವಾಗಿಯೇ ಉಂಟಾಗುತ್ತದೆಂದು ಲೇಖಕರು ಒಪ್ಪುತ್ತಾರೆ. ಅದು ತೀವ್ರವಾಗುತ್ತಿದೆ, ನೈಟ್ರಸ್ ಆಕ್ಸೈಡ್‌ನ ಹೆಚ್ಚಳಕ್ಕೆ ಮಾನವನಿಂದ ಸೇರಿದ ನೈಟ್ರೇಟ್ ‘ಬಹುಶಃ’ ಕಾರಣ ಎನ್ನುತ್ತಾರೆ. ನಮ್ಮ ತರಗತಿಗಳಲ್ಲಿ ಈ ‘ಬಹುಶಃ’ ಕಣ್ಮರೆಯಾಗಿದೆ.

ಭೌತವಿಜ್ಞಾನ ಏನನ್ನುತ್ತದೆ? ಎಕ್ಮನ್ 1905ರಲ್ಲಿ ತೋರಿಸಿದಂತೆ, ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಒಟ್ಟಾರೆಯಾಗಿ ಗಾಳಿಯ ಬಲಕ್ಕೆ ಸಾಗುತ್ತದೆ. ಮಳೆಗಾಲದ ಗಾಳಿಯಲ್ಲಿ ಕರಾವಳಿಗುಂಟ ದಕ್ಷಿಣಕ್ಕೆ ಬೀಸುವ ಅಂಶವಿದೆ. ಅದರ ಬಲಕ್ಕೆ ತೆರೆದ ಸಮುದ್ರ. ಮೇಲಿನ ನೀರು ದಡದಿಂದ ದೂರ ಸರಿದಾಗ ಆಳದ ನೀರು ಮೇಲೇರುತ್ತದೆ. ದೂರದಿಂದ ಕರಾವಳಿಗುಂಟ ಬರುವ ಕೆಲ್ವಿನ್ ಅಲೆಗಳೂ ಇದಕ್ಕೆ ನೆರವಾಗುತ್ತವೆ. ಹೀಗೆ ಏರುವ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಸಮೃದ್ಧ. ಆಕ್ಸಿಜನ್ ಮೊದಲೇ ಕಡಿಮೆ. ಅದರ ಮೇಲೆ ಮಳೆ ಮತ್ತು ಹೊಳೆಗಳ ಹಗುರವಾದ ಸಿಹಿನೀರು ತೆಳುವಾಗಿ ಹರಡಿ, ಗಾಳಿಯ ಆಕ್ಸಿಜನ್ ಕೆಳಗಿಳಿಯದಂತೆ ತಡೆಯುತ್ತದೆ. ಅಂದರೆ ಇಲ್ಲಿ ಹೊಳೆ ಗೊಬ್ಬರದ ಚೀಲವೂ ಇರಬಹುದು, ಪಾತ್ರೆಯ ಮುಚ್ಚಳವಂತೂ ಹೌದು. ಈ ಎರಡು ಪಾತ್ರಗಳನ್ನು ಬೇರ್ಪಡಿಸದೆ ತೀರ್ಪು ಕೊಡಲಾಗದು.

ಹೊಳೆಗಳ ಲೆಕ್ಕವೂ ಸರಳವಲ್ಲ. ಕಾಳಿಯ ನೀರು ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಬೇಕು. ಜಲಾಶಯಗಳಲ್ಲಿ ಹೂಳು ತಂಗುತ್ತದೆ. ಬಂಡೆ ಸವೆದು ಬರುವ, ಡಯಾಟಮ್‌ಗಳಿಗೆ ಬೇಕಾದ ಸಿಲಿಕೇಟ್‌ನ ಒಂದು ಪಾಲೂ ಅಲ್ಲಿಯೇ ಉಳಿಯುತ್ತದೆ. ಇನ್ನು ಮುಂಡಗೋಡದ ಧರ್ಮಾ ಹೊಳೆ ವರದಾ, ತುಂಗಭದ್ರಾ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುತ್ತದೆ! ಆ ಬಯಲಿನ ಯೂರಿಯಾ ಕಾರವಾರದ ಕಡಲಿಗೆ ಹೋಗುವುದೇ ಇಲ್ಲ. ನಕ್ಷೆ ನೋಡದೆ ಹೊಣೆ ಹೊರಿಸಬಾರದು.

ಪರೀಕ್ಷೆಯ ದಾರಿ ಸುಲಭ. ಕಾಳಿ ಅಳಿವೆಯ ಹಲವು ಕಡೆ ನೀರು ಸಂಗ್ರಹಿಸಿ, ಲವಣಾಂಶಕ್ಕೆ ಎದುರಾಗಿ ನೈಟ್ರೇಟ್‌ನ ಗ್ರಾಫ್ ಎಳೆಯಿರಿ. ಉಪ್ಪು ಏರಿದಂತೆ ನೈಟ್ರೇಟ್ ನೇರ ರೇಖೆಯಲ್ಲಿ ಇಳಿದರೆ ಮೂಲ ಹೊಳೆ. ಏರಿದರೆ ಮೂಲ ಕಡಲು. ಬಿಂದುಗಳು ರೇಖೆಯ ಕೆಳಗೆ ಬಾಗಿದರೆ, ನಡುವೆ ಸಸ್ಯಪ್ಲವಕ ಅಥವಾ ಬ್ಯಾಕ್ಟೀರಿಯಾ ಬಳಸಿಕೊಂಡಿವೆ ಎಂದರ್ಥ. ಮಳೆಗಾಲದಲ್ಲೂ ಬೇಸಗೆಯಲ್ಲೂ ಇದನ್ನು ಮಾಡಬೇಕು.

ಗೊಬ್ಬರ ನಿರ್ದೋಷಿ ಎಂದು ನನ್ನ ವಾದವಲ್ಲ. ಮಿಸಿಸಿಪ್ಪಿ ನದಿ ಸೇರುವ ಮೆಕ್ಸಿಕೊ ಕೊಲ್ಲಿಯಲ್ಲಿ ಅದರ ಪಾತ್ರ ಸ್ಪಷ್ಟ. ಆದರೆ ಆ ಕೊಲ್ಲಿಯ ತೀರ್ಪನ್ನು ಮಳೆಗಾಲದ ಅರಬ್ಬೀ ಸಮುದ್ರಕ್ಕೆ ಹಾಗೆಯೇ ಅಂಟಿಸಲಾಗದು. ಕಾರಣ ತಪ್ಪಿದರೆ ಪರಿಹಾರವೂ ತಪ್ಪುತ್ತದೆ: ರೈತ ಗೊಬ್ಬರ ಕಡಿಮೆ ಮಾಡಿದ ಮೇಲೂ ತಳದ ನೀರು ಉಸಿರುಗಟ್ಟಿದರೆ ಮೀನುಗಾರ ಯಾರನ್ನು ನಂಬಬೇಕು? ಅಧ್ಯಾಪಕರು ಆ ‘ಬಹುಶಃ’ವನ್ನು ಕಪ್ಪುಹಲಗೆಯ ಮೇಲೆ ಮತ್ತೆ ಬರೆಯಲಿ.